ತಳಕ್ಕೆ ಇಳಿದವರು ತಂದ ಸುದ್ದಿ



ಮೊನ್ನೆ ಅಣ್ಣಿಗೇರಿಯಿಂದ ಹಿರಿಯರೊಬ್ಬರು ಫೋನ್ ಮಾಡಿದ್ರು. ಮೊಮ್ಮಗನ ಜೊತೆ ಕೂತು ಥಾಯ್ಲೆಂಡ್ ಗವಿಯ ಸಿನಿಮಾ ನೋಡಿದ್ದಾರೆ. "ಅಲ್ರೀ ಸರ, ನೀರು ತುಂಬಿದ ಗವಿಯೊಳಗ ಹೊಕ್ಕು ಈಜೋದು ಅವರಿಗೆ ಹವ್ಯಾಸ ಅಂತ ತೋರಿಸ್ತಾರಲ್ರೀ, ಅಲ್ಲೇನು ಬಂಗಾರ ಇಟ್ಟಾರೇನ್ರೀ? ಜೀವಾ ಯಾಕ ಪಣಕ್ಕ ಹಚ್ತಾರ? ಅದರಿಂದ ಯಾರಿಗೆ ಏನು ಬಂತು?" ಅಂತ ಕೇಳಿದ್ರು. ಒಂದು ನಿಮಿಷದಲ್ಲಿ ಉತ್ತರ ಹೇಳೋ ಪ್ರಶ್ನೆ ಅಲ್ಲ ಯಜಮಾನ್ರೇ, ಒಂದು ದಿನ ಪೂರ್ತಿ ಹೇಳ್ತೀನಿ ಅಂದಿದ್ದೆ. ಇವತ್ತು ಆ ಮಾತು ಉಳಿಸಿಕೊಳ್ತಿದ್ದೀನಿ.

ಮೊದಲು ಆ ಘಟನೆ. 2018ರ ಜೂನ್ 23. ಥಾಯ್ಲೆಂಡಿನ ಥಾಮ್ ಲುವಾಂಗ್ ಅನ್ನೋ ಸುಣ್ಣಕಲ್ಲಿನ ಗವಿಗೆ 12 ಹುಡುಗರು, ಅವರ ಫುಟ್‌ಬಾಲ್ ಕೋಚ್ ಹೋದ್ರು. ಮಳೆ ಬಂತು. ಗವಿಯ ಹಿಂದಿನ ದಾರಿ ನೀರಲ್ಲಿ ಮುಚ್ಚಿಹೋಯ್ತು. ಒಂಬತ್ತು ದಿನ ಜಗತ್ತಿಗೆ ಅವರು ಇದ್ದಾರೋ ಸತ್ತಿದ್ದಾರೋ ಗೊತ್ತಿರಲಿಲ್ಲ. ಜುಲೈ 2ರಂದು ಇಬ್ಬರು ಇಂಗ್ಲಿಷ್ ಮುಳುಗುಗಾರರು ಕತ್ತಲಲ್ಲಿ, ಕೆಸರು ನೀರಲ್ಲಿ ಈಜಿ ಅವರನ್ನ ಕಂಡುಹಿಡಿದ್ರು. ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್. ಒಬ್ಬರು ನಿವೃತ್ತ ಅಗ್ನಿಶಾಮಕ ದಳದವರು, ಇನ್ನೊಬ್ಬರು ಕಂಪ್ಯೂಟರ್ ಕೆಲಸದವರು. ಸೈನ್ಯದವರಲ್ಲ, ಸರ್ಕಾರಿ ನೌಕರರೂ ಅಲ್ಲ. ಶನಿವಾರ ಭಾನುವಾರ ಗವಿಯಲ್ಲಿ ಈಜೋ ಹವ್ಯಾಸದವರು. ಕಡೆಗೆ ಜುಲೈ 8, 9, 10ರಂದು ಹುಡುಗರಿಗೆ ಪ್ರಜ್ಞೆ ತಪ್ಪುವ ಔಷಧ ಕೊಟ್ಟು, ಮುಖಕ್ಕೆ ಗಾಳಿಯ ಮುಖವಾಡ ಕಟ್ಟಿ, ಒಬ್ಬೊಬ್ಬರನ್ನೇ ನೀರೊಳಗಿಂದ ಹೊರಗೆ ತಂದ್ರು. 13 ಜನ ಬದುಕಿದ್ರು. ಆದರೆ ಒಳಗೆ ಗಾಳಿಯ ಸಿಲಿಂಡರ್ ಇಟ್ಟು ಬರೋಕೆ ಹೋಗಿದ್ದ ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನನ್ ಜುಲೈ 6ರಂದೇ ತೀರಿಕೊಂಡಿದ್ರು. ಪರರಿಗೆ ಗಾಳಿ ಮುಟ್ಟಿಸಿ ವಾಪಸ್ ಬರೋವಾಗ ತಮ್ಮ ಗಾಳಿಯೇ ಸಾಲಲಿಲ್ಲ.

ಆ ಕಾರ್ಯಾಚರಣೆಯಲ್ಲಿ ನಮ್ಮವರೂ ಇದ್ದರು. ಗವಿಯ ನೀರು ಇಳಿಸೋಕೆ ಪಂಪಿನ ಪರಿಣಿತರನ್ನ ಕಳಿಸಿದ್ದು ಕಿರ್ಲೋಸ್ಕರ್ ಬ್ರದರ್ಸ್. ಈ ಕಂಪನಿ ಹುಟ್ಟುಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಗವಿಯಿಂದ ಎತ್ತಿದ ನೀರು ಕೆಳಗಿನ ರೈತರ ಭತ್ತದ ಗದ್ದೆಗಳಿಗೆ ನುಗ್ತು. ಬೆಳೆ ಹೋಯ್ತು. ಸರ್ಕಾರ ಪರಿಹಾರ ಕೊಡ್ತೀವಿ ಅಂದ್ರೆ, ಎಷ್ಟೋ ರೈತರು ಬೇಡ ಅಂದ್ರು. ಮಕ್ಕಳು ಬದುಕಿದ್ರೆ ಸಾಕು, ಭತ್ತ ಮತ್ತೆ ಬೆಳೀತೀವಿ ಅಂತ. ಇಂಥ ಸುದ್ದಿ ಓದುವಾಗ ನಮ್ಮಂಥವರ ಗಂಟಲು ಕೂಡ ಕಟ್ಟುತ್ತೆ.

ಈಗ ಯಜಮಾನ್ರ ಪ್ರಶ್ನೆಗೆ ಬರ್ತೀನಿ. ಗವಿ ಈಜು ಅಂದ್ರೆ ಏನು?

ಸಮುದ್ರದಲ್ಲೋ ಕೆರೆಯಲ್ಲೋ ಮುಳುಗಿದವನಿಗೆ ಒಂದು ಧೈರ್ಯ ಇರುತ್ತೆ. ತೊಂದರೆ ಆದ್ರೆ ಮೇಲಕ್ಕೆ ಬರಬಹುದು. ಗವಿಯಲ್ಲಿ ತಲೆ ಮೇಲೆ ಬಂಡೆ. ಮೇಲೆ ಬರೋ ದಾರಿಯೇ ಇಲ್ಲ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಅದಕ್ಕೆ ಅವರದ್ದೊಂದು ಲೆಕ್ಕ ಇದೆ. ಗಾಳಿಯನ್ನ ಮೂರು ಪಾಲು ಮಾಡು. ಹೋಗೋಕೆ ಒಂದು ಪಾಲು, ಬರೋಕೆ ಒಂದು ಪಾಲು, ಮೂರನೇದು ಮುಟ್ಟಬೇಡ. ಅದು ನಿನ್ನ ಕಷ್ಟಕ್ಕೆ ಅಥವಾ ನಿನ್ನ ಜೊತೆಗಾರನ ಕಷ್ಟಕ್ಕೆ. ಎರಡನೇದು, ಬಾಯಿಯಿಂದ ಒಳಗಿನವರೆಗೆ ಒಂದೇ ಹುರಿ ಹಾಸಿಕೊಂಡು ಹೋಗು. ನೆಲದ ಹೂಳಿಗೆ ಕಾಲು ತಗುಲಿದ್ರೆ ಕ್ಷಣದಲ್ಲಿ ನೀರೆಲ್ಲಾ ರಾಡಿ, ನಿನ್ನ ಕೈ ನಿನಗೇ ಕಾಣಲ್ಲ. ಆಗ ಆ ಹುರಿಯನ್ನ ಬೆರಳಲ್ಲಿ ಹಿಡಿದು ಬಂದವನು ಬದುಕ್ತಾನೆ. ಮೂರನೇದು, ದೀಪ ಮೂರು ಇರಲಿ.

ಆಳಕ್ಕೆ ಹೋದವನು ದಢಕ್ಕನೆ ಮೇಲೆ ಬರುವ ಹಾಗೂ ಇಲ್ಲ. ಗೋಲಿ ಸೋಡಾ ನೆನಪು ಮಾಡಿಕೊಳ್ಳಿ. ಗೋಲಿ ಮುಚ್ಚಿದ್ದಾಗ ಒಳಗೆ ಗ್ಯಾಸ್ ಇದೆ ಅಂತಲೇ ಗೊತ್ತಾಗಲ್ಲ, ಒತ್ತಿದ ತಕ್ಷಣ ಬುಸ್ ಅಂತ ಗುಳ್ಳೆ. ಆಳದ ಒತ್ತಡದಲ್ಲಿ ಉಸಿರಾಡಿದವನ ರಕ್ತದಲ್ಲಿ ಸಾರಜನಕ ಹಾಗೇ ಕರಗಿ ಕೂತಿರುತ್ತೆ. ಗಡಿಬಿಡಿಯಲ್ಲಿ ಮೇಲೆ ಬಂದ್ರೆ ಮೈಯೇ ಸೋಡಾ ಸೀಸೆ. ಅದಕ್ಕೇ ಅರ್ಧ ದಾರಿಯಲ್ಲಿ ಗಂಟೆಗಟ್ಟಲೆ ನಿಂತು ನಿಂತು ಬರಬೇಕು.

ಈ ನಿಯಮಗಳು ಯಾರೋ ಕಚೇರಿಯಲ್ಲಿ ಕೂತು ಬರೆದದ್ದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಶೆಕ್ ಎಕ್ಸ್‌ಲೀ ಅಂತ ಒಬ್ಬ ಗಣಿತದ ಮೇಷ್ಟ್ರು. ಗವಿಯಲ್ಲಿ ಸತ್ತವರ ಪ್ರಕರಣಗಳನ್ನ ಒಂದೊಂದಾಗಿ ತೆಗೆದು, ಇವನು ಯಾಕೆ ಸತ್ತ, ಇವನು ಏನು ಮಾಡಿದ್ರೆ ಬದುಕ್ತಿದ್ದ ಅಂತ ಲೆಕ್ಕ ಹಾಕಿ 1979ರಲ್ಲಿ ಸಣ್ಣ ಪುಸ್ತಕ ಬರೆದ್ರು. ಅದರಿಂದ ಎಷ್ಟು ಜೀವ ಉಳಿದಿದೆಯೋ. 1994ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಒಂದು ಆಳ ಮಡುವಿನಲ್ಲಿ ಸಾವಿರ ಅಡಿ ಮುಟ್ಟೋ ಹಠದಲ್ಲಿ ಆ ಮೇಷ್ಟ್ರೇ ತೀರಿಕೊಂಡ್ರು. ಫ್ಲಾರಿಡಾದ ಗವಿಗಳ ಬಾಯಲ್ಲಿ, ನೀರಿನ ಒಳಗೇ, ಯಮನ ಚಿತ್ರ ಬರೆದ ಫಲಕ ಇರುತ್ತೆ. ಈ ಗವಿಯಲ್ಲಿ ಪ್ರಾಣ ಕೊಡುವಂಥದ್ದು ಏನೂ ಇಲ್ಲ, ವಾಪಸ್ ಹೋಗು ಅಂತ.

ಯಜಮಾನ್ರು ಕೇಳಿದ್ದೂ ಅದೇ ಅಲ್ವೇ? ಅಲ್ಲಿ ಏನಿದೆ?

ಅಲ್ಲಿರೋದು ಸುದ್ದಿ. ಫ್ಲಾರಿಡಾದ ರಾಜಧಾನಿ ಟಾಲಹಾಸಿ ಹತ್ತಿರ ವಕುಲಾ ಅಂತ ದೊಡ್ಡ ಸಿಹಿನೀರಿನ ಚಿಲುಮೆ ಇದೆ. ನೆಲದ ಕೆಳಗಿನ ಸುಣ್ಣಕಲ್ಲಿನ ಗವಿಯಿಂದ ನದಿಯೇ ಉಕ್ಕಿ ಬರುತ್ತೆ. ಟಾರ್ಜಾನ್ ಸಿನಿಮಾ ಶೂಟಿಂಗ್ ಅಲ್ಲಿ ನಡೆದಿತ್ತು. ಗಾಜಿನ ತಳದ ದೋಣಿಯಲ್ಲಿ ಕೂತ್ರೆ ಆಳದ ತಳದಲ್ಲಿ ಮೀನು ಓಡಾಡೋದು ಕಾಣ್ತಿತ್ತು. ಆಮೇಲೆ ನೀರು ಕಪ್ಪಾಗ್ತಾ ಬಂತು, ಪಾಚಿ ಬೆಳೀತು, ಗಾಜಿನ ದೋಣಿ ದಡದಲ್ಲೇ ಉಳೀತು. ಕಾರಣ ಏನು? ನಗರದವರು ಶುದ್ಧೀಕರಿಸಿದ ಕೊಳಚೆ ನೀರನ್ನ ಮೈಲಿಗಟ್ಟಲೆ ದೂರದ ಹೊಲಗಳಿಗೆ ಸಿಂಪಡಿಸ್ತಿದ್ರು. ಅದು ಅಲ್ಲಿಯ ಮಾತು, ಇದು ಇಲ್ಲಿಯ ಮಾತು ಅಂತಿದ್ರು. ಗವಿಗೆ ಇಳಿಯೋ ಹವ್ಯಾಸಿಗಳ ಒಂದು ತಂಡ ವರ್ಷಗಟ್ಟಲೆ ನೆಲದೊಳಗಿನ ದಾರಿಗಳ ನಕ್ಷೆ ಬರೀತು. 2007ರ ಡಿಸೆಂಬರ್‌ನಲ್ಲಿ ಅವರಲ್ಲಿ ಇಬ್ಬರು ಒಂದು ಗುಂಡಿಯಲ್ಲಿ ಮುಳುಗಿ, ನೆಲದ ಕೆಳಗೇ ಸುಮಾರು ಏಳು ಮೈಲಿ ಸಾಗಿ, ವಕುಲಾ ಚಿಲುಮೆಯಲ್ಲಿ ಎದ್ದು ಬಂದ್ರು! ಅದೇ ಕಾಲದಲ್ಲಿ ವಿಜ್ಞಾನಿಗಳು ಆ ಕೊಳಚೆ ನೀರಿನ ಹೊಲದಲ್ಲಿ ಬಣ್ಣ ಬಿಟ್ರು. ಬಣ್ಣ ಚಿಲುಮೆಯಲ್ಲಿ ಕಾಣಿಸ್ತು. ಇನ್ನು ಅಲ್ಲಗಳೆಯೋದು ಹೇಗೆ? ನಗರ ಕೋಟಿ ಕೋಟಿ ಖರ್ಚು ಮಾಡಿ ಶುದ್ಧೀಕರಣ ಘಟಕ ಸುಧಾರಿಸ್ತು, ನೀರಲ್ಲಿ ನೈಟ್ರೇಟ್ ಇಳೀತು. ಪೂರ್ತಿ ಹಳೇ ತಿಳಿ ಮಾತ್ರ ವಾಪಸ್ ಬರಲಿಲ್ಲ.

ಅದೇ ಫ್ಲಾರಿಡಾದಲ್ಲಿ ಕಿಸೆಂಜೆನ್ ಅನ್ನೋ ಇನ್ನೊಂದು ಚಿಲುಮೆ ಇತ್ತು. ದಿನಕ್ಕೆ ಸುಮಾರು 2 ಕೋಟಿ ಗ್ಯಾಲನ್ ನೀರು ಕೊಡ್ತಿತ್ತು. ಸುತ್ತಮುತ್ತ ಗಣಿಗಳು, ಪಂಪುಗಳು ಬಂದವು. 1950ರಲ್ಲಿ ನಿಂತೇ ಹೋಯ್ತು. ಜನ ಜಿಗಿದು ಈಜಾಡಿದ ಜಾಗದಲ್ಲಿ ಈಗ ಗಿಡಗಂಟಿ ಬೆಳೆದ ಗುಂಡಿ.

ಇದೆಲ್ಲಾ ಅಮೆರಿಕದ ಕಥೆ, ನಮಗೇನು ಅನ್ನಬೇಡಿ. ನಮ್ಮ ಮಾವನ ಕಥೆ ಹೇಳ್ತೀನಿ.

ನನ್ನ ಊರು ನವಲಗುಂದ ತಾಲೂಕು. ಎರೆಭೂಮಿ. ಬಾವಿ ತೋಡಿದ್ರೆ ಸವುಳು ನೀರು, ಬಾಯಿಗೆ ಇಟ್ಕೊಳ್ಳೋ ಹಾಗಿಲ್ಲ. ನಾವು ಕುಡಿದು ಬೆಳೆದದ್ದು ಕೆರೆ ನೀರು. ಕೆರೆಗೆ ಇಳಿಯೋಕೆ ಮೊದಲು ಚಪ್ಪಲಿ ಮೇಲೆ ಬಿಡಬೇಕು. ಬಿಡದೆ ಇಳಿದವನಿಗೆ ಊರ ಹೆಂಗಸರು ಮಂಗಳಾರತಿ ಮಾಡ್ತಿದ್ರು. ಆದರೆ ನನ್ನ ಅವ್ವನ ತವರು ಕಲಘಟಗಿ ಕಡೆ. ಒಂದೇ ಜಿಲ್ಲೆ, ಬೇರೆಯೇ ಲೋಕ. ಕೆಂಪು ಮಣ್ಣು, ಗುಡ್ಡ, ಸಾಗವಾನಿ ಗಿಡ, ಭತ್ತದ ಗದ್ದೆ. ಬಾವಿಯಲ್ಲಿ ಸಿಹಿನೀರು! ಬೇಸಿಗೆ ಸೂಟಿಗೆ ಹೋದ್ರೆ ಅಲ್ಲಿನ ಬಾವಿ ನೀರು ಕುಡಿದು ಕುಡಿದೇ ನನ್ನ ಹೊಟ್ಟೆ ತುಂಬ್ತಿತ್ತು.

ನನ್ನ ಸೋದರಮಾವ ಆ ಊರಿನ ಮುಳುಗುಗಾರ. ಹಿತ್ತಾಳೆ ಕೊಡ ಬಾವಿಗೆ ಬಿದ್ರೆ ಮೊದಲು ಪಾತಾಳಗರಡಿ ಬಿಟ್ಟು ಹುಡುಕ್ತಿದ್ರು. ಅದಕ್ಕೂ ಸಿಗದಿದ್ರೆ ಮಾವನಿಗೆ ಕರೆ. ಧೋತರ ಕಚ್ಚೆ ಕಟ್ಟಿ, ಮೂರು ಸಲ ಉಸಿರು ಎಳೆದು, ಮುಳುಗಿದ ಅಂದ್ರೆ ಮೇಲೆ ನಿಂತ ನಾವು ಹುಡುಗರು ಎಣಿಸ್ತಿದ್ವಿ. ಎಪ್ಪತ್ತು, ಎಂಬತ್ತು... ಅತ್ತೆ ಮಾತ್ರ ಬಾವಿ ಕಡೆ ಬರ್ತಿರಲಿಲ್ಲ, ಅಡುಗೆಮನೆಯಲ್ಲೇ ಕೂತಿರ್ತಿದ್ಲು.

ವರ್ಷಕ್ಕೊಮ್ಮೆ ಮಾವನಿಗೆ ಇನ್ನೊಂದು ಕೆಲಸ. ಬಾವಿಯ ತಳದ ಪಕ್ಕದಲ್ಲಿ ಬಂಡೆ ಸೀಳಿನ ಒಂದು ಪೊಟರೆ. ಸೆಲೆ ಬರೋದು ಅಲ್ಲಿಂದ. ಆಳು ಅರ್ಧ ಮೈ ತೂರಿಸುವಷ್ಟು ಜಾಗ. ಮಾವ ಅದರೊಳಗೆ ಕೈ, ತಲೆ, ಹೆಗಲು ತೂರಿಸಿ ಹೂಳು ತೆಗೆದು ಬರ್ತಿದ್ದ. ಹುರಿ ಇಲ್ಲ, ದೀಪ ಇಲ್ಲ, ಗಾಳಿಯ ಸಿಲಿಂಡರ್ ಹೆಸರೂ ಕೇಳಿರಲಿಲ್ಲ. ಎಕ್ಸ್‌ಲೀ ಮೇಷ್ಟ್ರು ನೋಡಿದ್ರೆ ಹೌಹಾರ್ತಿದ್ರು. ಮೇಲೆ ಬಂದ ಮೇಲೆ ಊರ ಹಿರಿಯರು ಕೇಳೋದು ಒಂದೇ ಪ್ರಶ್ನೆ. "ಸೆಲಿ ಹೆಂಗೈತಿ?" ಮಾವ ಹೇಳ್ತಿದ್ದ, "ಜೋರೈತಿ. ಕೈ ಹಿಡಿದ್ರ ಒತ್ತತೈತಿ. ತಣ್ಣಗ."

ಒಂದು ವರ್ಷ, ತೊಂಬತ್ತರ ದಶಕದ ಮಧ್ಯದಲ್ಲಿ, ಮಾವ ಮೇಲೆ ಬಂದು ಬಾಯಿ ಒರೆಸಿಕೊಂಡು "ಸೆಲಿ ಸಣ್ಣ ಆಗೈತಿ" ಅಂದ. ಎಲ್ಲರೂ ಬಾವಿ ಬಗ್ಗಿ ನೋಡಿದ್ರು. ನೀರು ಎಷ್ಟಿತ್ತೋ ಅಷ್ಟೇ ಇದೆ! "ಏ, ನಿನಗ ವಯಸ್ಸಾತು, ದಮ್ಮು ಹಿಡ್ಯಾಕ ಆಗವಲ್ದು, ಅದಕ್ಕ ಹಂಗಂತಿ" ಅಂತ ನಕ್ರು. ಮುಂದಿನ ವರ್ಷವೂ ಅದೇ ಮಾತು ಅಂದ, ನಕ್ರು. ಮೂರನೇ ವರ್ಷ ಅವನು ಹೇಳೋದನ್ನೇ ಬಿಟ್ಟ. ಆ ಶತಮಾನದ ಆರಂಭದ ಬರಗಾಲ ಬಂತಲ್ಲ, 2003ರ ಬೇಸಿಗೆಯಲ್ಲಿ ಆ ಬಾವಿ ತಳ ಕಂಡಿತು.

ಮಾವ ಹೇಳಿದ್ದು ಯಾಕೆ ಸರಿ, ಮೇಲೆ ನಿಂತವರು ನೋಡಿದ್ದು ಯಾಕೆ ತಪ್ಪು? ಬಾವಿ ರಾತ್ರಿಯಿಡೀ ತುಂಬಿಕೊಳ್ಳುತ್ತೆ. ಸೆಲೆ ಜೋರಿದ್ರೆ ನಾಲ್ಕು ತಾಸಿನಲ್ಲಿ ತುಂಬುತ್ತೆ, ಸಣ್ಣದಾದ್ರೆ ಹತ್ತು ತಾಸು ಹಿಡಿಯುತ್ತೆ. ಬೆಳಿಗ್ಗೆ ಕೊಡ ಹಿಡ್ಕೊಂಡು ಬಂದವಳಿಗೆ ಎರಡೂ ಒಂದೇ. ಸೆಲೆಯ ಬಾಯಿಗೆ ಕೈ ಇಟ್ಟವನಿಗೆ ಮಾತ್ರ ವ್ಯತ್ಯಾಸ ಗೊತ್ತು. ಫ್ಲಾರಿಡಾದಲ್ಲೂ ಇದೇ. ಮೇಲಿಂದ ನೋಡಿದ್ರೆ ನೀಲಿ ಕೊಳ, ಸುಂದರ. ಒಳಗೆ ಎದುರು ಹರಿವಿಗೆ ಈಜೋನಿಗೆ ಹರಿವು ಸೋತದ್ದು ಮೊದಲು ಗೊತ್ತಾಗುತ್ತೆ. ಅಲ್ಲಿ ಎಷ್ಟೋ ಚಿಲುಮೆಗಳಲ್ಲಿ ಹೊರಗಿನ ಹೊಳೆ ಏರಿದಾಗ ಹೊಳೆಯ ಕೆಂಪು ನೀರೇ ಒಳಗೆ ನುಗ್ಗುತ್ತೆ. ಚಿಲುಮೆ ತಿರುಗಿ ಕುಡಿಯೋಕೆ ಶುರು ಮಾಡುತ್ತೆ. ಚಿಲುಮೆಯ ಒತ್ತಡ ಇಳಿದಷ್ಟೂ ಅದಕ್ಕೆ ದಾರಿ ಸಲೀಸು.

ಇನ್ನು ಸೆಲೆ ಯಾಕೆ ಸಾಯುತ್ತೆ? ಮನೆಯಲ್ಲೇ ಮಾಡಿ ನೋಡಬಹುದು. ಒಂದು ಮಣ್ಣಿನ ಕೊಡ ತಗೊಳ್ಳಿ. ಮುಕ್ಕಾಲು ಎತ್ತರದಲ್ಲಿ ಪಕ್ಕಕ್ಕೆ ಒಂದು ತೂತು ಮಾಡಿ. ಕೊಡ ತುಂಬಿಸಿ. ತೂತಿನಿಂದ ನೀರು ಚಿಮ್ಮುತ್ತೆ. ಅದೇ ಸೆಲೆ. ಈಗ ಕೊಡದೊಳಗೆ ಒಂದು ಸ್ಟ್ರಾ ಇಳಿಸಿ ತಳದಿಂದ ಹೀರಿ. ನೀರಿನ ಮಟ್ಟ ತೂತಿಗಿಂತ ಒಂದು ಬೆರಳು ಕೆಳಗೆ ಹೋದ್ರೆ ಸಾಕು, ಚಿಮ್ಮೋದು ನಿಂತಿತು. ಕೊಡದಲ್ಲಿ ಇನ್ನೂ ಮುಕ್ಕಾಲು ನೀರಿದೆ! ಸ್ಟ್ರಾ ಇಟ್ಟವನಿಗೆ ಏನೂ ತೊಂದರೆ ಇಲ್ಲ. ಅವನು "ನೀರು ಬೇಕಾದಷ್ಟಿದೆ" ಅಂತಾನೆ, ಸುಳ್ಳಲ್ಲ. ಆದರೆ ಸೆಲೆ ಸತ್ತಿತು, ಅದನ್ನ ನಂಬಿದ ಬಾವಿ ಸತ್ತಿತು, ಹಳ್ಳ ಸತ್ತಿತು, ದನ ಕುಡಿಯೋ ಜಾಗ ಸತ್ತಿತು. ಬೋರ್‌ವೆಲ್ ಅಂದ್ರೆ ಆ ಸ್ಟ್ರಾ. ಬೋರ್ ಬತ್ತೋದು ಸುದ್ದಿ ಆಗುತ್ತೆ, ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಬತ್ತಿದ ಸೆಲೆ ಸುದ್ದಿ ಆಗಲ್ಲ. ಬೋರ್ ಹಾಕಿದ ರೈತನನ್ನ ಬೈಯೋಕೆ ಇದು ಹೇಳ್ತಿಲ್ಲ. ಆ ಬರಗಾಲದಲ್ಲಿ ನಮ್ಮ ಮಾವನ ಮಗನೇ ಸಾಲ ಮಾಡಿ ಬೋರ್ ಹಾಕಿಸಿದ. ಹಾಕಿಸದೆ ಏನು ಮಾಡ್ತಿದ್ದ?

ನಮ್ಮ ಜಿಲ್ಲೆಯಲ್ಲಿ ಫ್ಲಾರಿಡಾದಂಥ ನೀರಿನ ಗವಿಗಳಿಲ್ಲ. ಅಂಥವು ಆಗೋಕೆ ಸುಣ್ಣಕಲ್ಲು ಬೇಕು, ನೀರಿಗೆ ಕರಗೋ ಕಲ್ಲು. ಆಂಧ್ರದ ಬೇಲಂ ಗವಿಗಳು ಆದದ್ದು ಹಾಗೆ. ನಮ್ಮದು ಕಲ್ಲಿನ ಸೀಳುಗಳಲ್ಲಿ ಜಿನುಗೋ ನೀರು. ಆದರೆ ನಮ್ಮ ಜನ ಶಾಲ್ಮಲಾ ನದಿಗೆ ಇಟ್ಟ ಹೆಸರು ನೋಡಿ, ಗುಪ್ತಗಾಮಿನಿ! ಗುಟ್ಟಾಗಿ ಹರಿಯುವವಳು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟೋ ಆ ಸಣ್ಣ ಝರಿ ಕಲಘಟಗಿ ಸೀಮೆಗೆ ಬಂದು, ಹುಬ್ಬಳ್ಳಿ ಕಡೆಯಿಂದ ಬರೋ ಹಳ್ಳವನ್ನ ಕೂಡಿ, ಬೇಡ್ತಿ ಅನ್ನಿಸಿಕೊಂಡು, ಯಲ್ಲಾಪುರದ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿ ಅಂತ ಹೆಸರು ಬದಲಿಸಿ ಸಮುದ್ರ ಸೇರುತ್ತೆ. ಒಟ್ಟು ಸುಮಾರು 150 ಕಿಲೋಮೀಟರ್. ಹುಟ್ಟೋ ಜಾಗದಲ್ಲಿ ನಿಂತು ನೋಡಿದ್ರೆ, ಇದೇನಾ ಅನ್ನಿಸುತ್ತೆ. ಊರು ಬೆಳೆದು ಬೆಳೆದು ಗುಡ್ಡದ ಮೈಮೇಲೆ ಕೂತಿದೆ. ಮಳೆ ನೀರು ಇಂಗೋ ಮಣ್ಣಿನ ಮೇಲೆ ಕಾಂಕ್ರೀಟ್ ಬಿದ್ರೆ ಝರಿಗೆ ನೀರು ಎಲ್ಲಿಂದ ಬರಬೇಕು? ಗುಡಿಗೆ ಬಣ್ಣ ಹಚ್ಚೋಕೆ ಪಟ್ಟಿ ಎತ್ತುತ್ತೀವಿ, ಗುಡಿಯ ಹಿಂದಿನ ಗುಡ್ಡ ಸೈಟ್ ಆಗೋದನ್ನ ಮಾತ್ರ ಯಾರೂ ತಡೆಯಲ್ಲ.

ಇದೇ ಬೇಡ್ತಿ ಹಳ್ಳಕ್ಕೆ ಕಲಘಟಗಿ ತಾಲೂಕಿನಲ್ಲಿ ಕಟ್ಟಿದ್ದು ನೀರಸಾಗರ ಕೆರೆ. ಹುಬ್ಬಳ್ಳಿಗೆ ದಶಕಗಟ್ಟಲೆ ನೀರು ಕುಡಿಸಿದ ಕೆರೆ. ಬರದ ವರ್ಷಗಳಲ್ಲಿ ಅದರ ತಳ ಬಿರುಕು ಬಿಟ್ಟದ್ದನ್ನ ನಾವೇ ಟಿವಿಯಲ್ಲಿ ತೋರಿಸಿದ್ದೀವಿ. ಮೇಲಿನ ಸೆಲೆಗಳು ಒಂದೊಂದಾಗಿ ನಿಂತದ್ದನ್ನ ತೋರಿಸಿರಲಿಲ್ಲ. ಅದಕ್ಕೆ ದೃಶ್ಯ ಇಲ್ಲವಲ್ಲ! ಬತ್ತಿದ ಕೆರೆ ಕ್ಯಾಮೆರಾಗೆ ಚೆಂದ ಕಾಣುತ್ತೆ, ನಿಂತ ಸೆಲೆ ಕಾಣೋದೇ ಇಲ್ಲ.

ನೀರು ತುಂಬಿದ ಗವಿಯೊಳಗೆ ಮನುಷ್ಯರು ಹೋಗೋ ಜಾಗ ನಮ್ಮ ರಾಜ್ಯದಲ್ಲೂ ಇದೆ. ಬೀದರಿನ ಝರಣಿ ನರಸಿಂಹ. ಗುಡ್ಡದ ಹೊಟ್ಟೆಯಲ್ಲಿ ಸುಮಾರು 300 ಮೀಟರ್ ಸುರಂಗ, ಸೊಂಟದಿಂದ ಎದೆಮಟ್ಟದ ನೀರು, ತಲೆ ಮೇಲೆ ಬಾವಲಿಗಳು. ಮಕ್ಕಳನ್ನ ಹೆಗಲ ಮೇಲೆ ಕೂರಿಸಿಕೊಂಡು ಭಕ್ತರು ನೀರಲ್ಲೇ ನಡೆದು ಹೋಗ್ತಾರೆ. ಬೀದರಿನ ನೆಲ ಮೇಲೆ ತೂತುತೂತಾದ ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕಪ್ಪುಕಲ್ಲು. ಮಳೆ ನೀರು ಜಂಬಿಟ್ಟಿಗೆಯಲ್ಲಿ ಇಳಿದು ಕಪ್ಪುಕಲ್ಲಿನ ಮೇಲೆ ನಿಂತು ಅಂಚಿನಲ್ಲಿ ಝರಿಯಾಗುತ್ತೆ. ಗುರುನಾನಕ್ ಝೀರಾದ ನೀರಿನ ಗುಟ್ಟೂ ಇದೇ. ಬಹಮನಿ ಕಾಲದವರು ಈ ಗುಟ್ಟು ತಿಳಿದೇ ನೌಬಾದಿನಲ್ಲಿ ನೆಲದೊಳಗೆ ಕಾಲುವೆ ಕೊರೆದು, ಕರೇಜ್ ಮಾಡಿ, ನೀರು ತಂದಿದ್ರು. ನಮ್ಮ ಕಾಲದಲ್ಲಿ ಅದರ ಬಾಯಿಗಳಲ್ಲಿ ಮಣ್ಣು, ಕಸ ತುಂಬಿತ್ತು. ಇತ್ತೀಚೆಗೆ ಹೂಳು ತೆಗೆದು ಮತ್ತೆ ತೆರೆದಿದ್ದಾರೆ.

ಕಾಸರಗೋಡು, ಬಂಟ್ವಾಳ ಕಡೆ ಹೋದ್ರೆ ರೈತರೇ ಮುರಕಲ್ಲು ಗುಡ್ಡಕ್ಕೆ ಅಡ್ಡಡ್ಡ ಸುರಂಗ ಕೊರೆದು ನೀರು ತರ್ತಾರೆ. ಒಬ್ಬ ಆಳು ಮೈ ಅಡ್ಡ ಮಾಡಿ ನುಸುಳುವಷ್ಟು ಅಗಲ. ಪಂಪ್ ಇಲ್ಲ, ಕರೆಂಟ್ ಇಲ್ಲ, ನೀರು ತಾನಾಗಿ ಹರಿದು ಬರುತ್ತೆ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ, ದಿನವಿಡೀ ಕೂಲಿ ಮಾಡಿ ಸಂಜೆ ಮೇಲೆ ದೀಪ ಹಿಡಿದು ಸುರಂಗ ಕೊರೆದ್ರು. ಒಂದಾದ ಮೇಲೊಂದು ಸುರಂಗ ಒಣಗಿದ್ದೇ ಸಿಕ್ಕಿತು. ಬಿಡಲಿಲ್ಲ. ಕಡೆಗೆ ನೀರು ಸಿಕ್ಕಿತು, ಬೋಳುಗುಡ್ಡ ಅಡಿಕೆ ತೋಟವಾಯ್ತು, 2022ರಲ್ಲಿ ಪದ್ಮಶ್ರೀ ಬಂತು. ಸುರಂಗ ತೋಡುವವರು ಒಳಗೆ ಒಂದು ಮೇಣದಬತ್ತಿ ಹಚ್ಚಿಡ್ತಾರೆ. ಬತ್ತಿ ಮಂಕಾಯ್ತು ಅಂದ್ರೆ ಗಾಳಿ ಸಾಲ್ತಿಲ್ಲ, ತಕ್ಷಣ ಹೊರಗೆ. ಈಗ ಆ ಕಡೆಯೂ ಬೋರ್‌ವೆಲ್ ಬಂದಿವೆ, ಸುರಂಗ ತೋಡುವ ಕೈಗಳು ಕಡಿಮೆಯಾಗಿವೆ.

ಆ ಮೇಣದಬತ್ತಿ ಮಾತು ಬಂದಿದ್ದಕ್ಕೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಪ್ರತಿ ಬೇಸಿಗೆ ಬತ್ತಿದ ಬಾವಿಯ ಹೂಳು ತೆಗೆಯೋಕೆ ಇಳಿದವರು ಸಾಯೋ ಸುದ್ದಿ ಓದ್ತೀನಿ. ಒಬ್ಬ ಇಳಿದು ಕುಸೀತಾನೆ, ಅವನನ್ನ ಎತ್ತೋಕೆ ತಮ್ಮ ಇಳೀತಾನೆ, ತಮ್ಮನನ್ನ ಎತ್ತೋಕೆ ನೆರೆಯವನು. ಮೂರು ಹೆಣ. ಎಷ್ಟೋ ಕಾಲದಿಂದ ಗಾಳಿಯಾಡದ ಬಾವಿಯ ತಳದಲ್ಲಿ ಆಮ್ಲಜನಕ ಇರಲ್ಲ, ಭಾರದ ಕೆಟ್ಟ ಗಾಳಿ ಕೂತಿರುತ್ತೆ. ಕಣ್ಣಿಗೆ ಕಾಣಲ್ಲ. ಒಳಗೆ ಡೀಸೆಲ್ ಪಂಪ್ ಇಳಿಸಿ ನಡೆಸಿದ್ರಂತೂ ಮುಗೀತು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ಆರಿದ್ರೆ ಯಾರೂ ಇಳಿಯಬೇಡಿ. ಆರದಿದ್ರೂ ಪೂರ್ತಿ ನಂಬಬೇಡಿ, ಕೆಲವು ವಿಷದ ಗಾಳಿಯಲ್ಲಿ ದೀಪ ಉರೀತಾನೇ ಇರುತ್ತೆ. ಯಾರಾದ್ರೂ ಒಳಗೆ ಕುಸಿದ್ರೆ ಹಿಂದೆಯೇ ಜಿಗಿಯಬೇಡಿ. 112ಕ್ಕೆ ಫೋನ್ ಮಾಡಿ. ಇದನ್ನ ದಯವಿಟ್ಟು ಮನೆಯಲ್ಲಿ ಹೇಳಿ.

ಮತ್ತೆ 2018ಕ್ಕೆ ಬರ್ತೀನಿ. ಜುಲೈನಲ್ಲಿ ಥಾಯ್ ಗವಿ. ನಾವು ಗಂಟೆಗಟ್ಟಲೆ ತೋರಿಸಿದ್ವಿ. ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ತೀರ್ಪು. ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ ಮಲಪ್ರಭೆಗೆ ತಿರುಗಿಸೋಕೆ 3.9. ನವಲಗುಂದ 1980ರ ಬಂಡಾಯದ ನೆಲ. 2015ರಿಂದ ಅಲ್ಲಿ ರೈತರು ಪೆಂಡಾಲ್ ಹಾಕಿ ಕೂತಿದ್ದರು. ಅದನ್ನೂ ಎರಡು ದಿನ ಬಿಡದೆ ತೋರಿಸಿದ್ವಿ, ತೋರಿಸಲೇಬೇಕಿತ್ತು. ಅದೇ ಆಗಸ್ಟಿನಲ್ಲಿ ನೀತಿ ಆಯೋಗದ ಒಂದು ವರದಿಯೂ ಬಂತು. ಹಿಮಾಲಯದ ಝರಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿವೆ ಅಥವಾ ಬತ್ತುತ್ತಿವೆ ಅಂತ. ದೇಶದಲ್ಲಿ 50 ಲಕ್ಷ ಝರಿ ಇರಬಹುದು, ಅದರಲ್ಲಿ 30 ಲಕ್ಷ ಹಿಮಾಲಯದಲ್ಲೇ ಅಂತ. ಅದಕ್ಕೆ ನಾನು ಕೊಟ್ಟ ಸಮಯ ಎಷ್ಟು ಗೊತ್ತಾ? ಸೊನ್ನೆ. ಕೆಳಗೆ ಓಡೋ ಪಟ್ಟಿಯಲ್ಲೂ ಹಾಕಲಿಲ್ಲ. ಸೆಲೆ ಸಣ್ಣ ಆಗೈತಿ ಅಂದ ಮಾವನಿಗೆ ನಕ್ಕವರಿಗೂ ನನಗೂ ಏನು ವ್ಯತ್ಯಾಸ?

ದಾರಿ ಇಲ್ಲ ಅಂತಲ್ಲ. ಸಿಕ್ಕಿಂನಲ್ಲಿ 2008ರಿಂದ ಸರ್ಕಾರವೇ ಝರಿಗಳನ್ನ ಉಳಿಸೋ ಕೆಲಸ ಮಾಡ್ತಿದೆ. ಉಪಾಯ ಸರಳ. ಝರಿ ಇರೋ ಜಾಗದಲ್ಲಿ ಅಗೆಯಬೇಡಿ, ಅದಕ್ಕೆ ನೀರು ಇಂಗೋ ಗುಡ್ಡ ಯಾವುದು ಅಂತ ಕಲ್ಲಿನ ಪದರ ನೋಡಿ ಹುಡುಕಿ, ಅಲ್ಲಿ ಇಂಗುಗುಂಡಿ ತೋಡಿ. ಗುಡ್ಡದ ಆ ಬದಿಯ ಝರಿಗೆ ಈ ಬದಿಯ ಮಳೆ ನೀರು ಕೊಡ್ತಿರಬಹುದು. ಇಂಗುಗುಂಡಿ ಅನ್ನೋ ಮಾತು ನಮ್ಮ ಮನೆಮಾತಾಗುವಂತೆ ಬರೆದ ಶ್ರೀ ಪಡ್ರೆಯವರು ನಮ್ಮ ಕನ್ನಡದವರೇ. ಆದರೆ ಯಾವುದಕ್ಕೂ ಮೊದಲು ಲೆಕ್ಕ ಬೇಕು. ಝರಿ ಎಷ್ಟು ಕೊಡುತ್ತೆ, ಕಳೆದ ವರ್ಷ ಎಷ್ಟು ಕೊಟ್ಟಿತ್ತು? ಅದಕ್ಕೆ ಯಂತ್ರ ಬೇಡ. ಒಂದು ಕೊಡ, ಒಂದು ಗಡಿಯಾರ ಸಾಕು. ಕೊಡ ತುಂಬೋಕೆ ಎಷ್ಟು ಹೊತ್ತು ಅಂತ ಬರೆದಿಡೋದು, ಅಷ್ಟೇ.

ಇದನ್ನ ನಾನು ಕಲಿತದ್ದು ವರದಿ ಓದಿ ಅಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಮಾವನನ್ನ ನೋಡೋಕೆ ಹೋಗಿದ್ದೆ. ಎಂಬತ್ತು ದಾಟಿದೆ, ಮುಳುಗೋದು ದೂರ, ಕೋಲಿಲ್ಲದೆ ನಡೆಯೋಕೂ ಆಗಲ್ಲ. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿ ಮುಚ್ಚಿದ್ದಾರೆ. ಆದರೆ ಊರ ಹಿಂದಿನ ಗುಡ್ಡದ ಬುಡದಲ್ಲಿ ದನ ಕುಡಿಯೋ ಒಂದು ಸಣ್ಣ ಝರಿ ಇನ್ನೂ ಇದೆ. ಮನೆಯ ಪಡಸಾಲೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಏನೋ ಬರೆದಿತ್ತು. ದೀಪಾವಳಿ, 90. ಸಂಕ್ರಾಂತಿ, 140. ಯುಗಾದಿ, 260. ಏನಿದು ಮಾವ ಅಂದೆ. ಒಂದು ಕೊಡ ತುಂಬೋವಷ್ಟರಲ್ಲಿ ಎಷ್ಟು ಎಣಿಸಬೇಕು ಅನ್ನೋ ಲೆಕ್ಕವಂತೆ. ಓಣಿಯ ಹುಡುಗನೊಬ್ಬನನ್ನ ಕಳಿಸಿ ಎಣಿಸಿ ಬರೆಸ್ತಿದ್ದಾನೆ. ನಾವು ಬಾವಿ ಮೇಲೆ ನಿಂತು ಅವನ ಉಸಿರು ಎಣಿಸ್ತಿದ್ವಲ್ಲ, ಹಾಗೆ.

ಯುಗಾದಿಯ ನಂತರ ಗೋಡೆ ಖಾಲಿ ಇತ್ತು. ಬಸವ ಜಯಂತಿ ಆಗಿ ವಾರ ಕಳೆದಿತ್ತು.

"ಯಾಕ ಮಾವ, ಮುಂದ ಬರೆಸಿಲ್ಲಲ್ಲ?"

"ಎಣಸೋ ಹುಡುಗ ಹುಬ್ಬಳ್ಳಿಗೆ ದುಡಿಯಾಕ ಹ್ವಾದ. ನನಗ ಗುಡ್ಡದ ತನಕ ನಡಿಯಾಕ ಆಗೂದಿಲ್ಲ. ನೀ ಹೆಂಗೂ ಬಂದೀಯಲ್ಲ ಅಳಿಯಾ, ಹಿತ್ತಲದಾಗ ಕೊಡ ಐತಿ ನೋಡು, ತಗೊಂಡು ನಡಿ. ಮೊಬೈಲ್ ನೋಡಬ್ಯಾಡ, ಬಾಯಿಲೆ ಎಣಸು."